ಗಡಗಡ ಸದ್ದು ಎಲ್ಲಿಂದ?

ಓದತಕ್ಕ ಭಾಗ: ಅಪೊಸ್ತಲರ ಕೃತ್ಯಗಳು 6ನೆಯ ಅಧ್ಯಾಯ, 1ರಿಂದ 7ನೆಯ ವಚನಗಳು



ಕೀಲೆಣ್ಣೆ ಕಾಣದ ಗಾಡಿಯ ಗಾಲಿ ಹೇಗೆ ಕಿರುಗುಟ್ಟುವದೆಂಬದನ್ನು ನಮ್ಮ ಹಿರಿಯರು ಬಲ್ಲರು. ಈಗ ಹಳ್ಳಿಗಳಿಗೂ ಕಾರುಗಳು ಬಂದಿರುವದರಿಂದ ಮತ್ತೊಂದು ಸದ್ದು ನಮಗೆ ಪರಿಚಯವಾಗಿದೆ. ಕಾರು ಕಲ್ಲುಮಣ್ಣಿನ ದಾರಿಯಲ್ಲಿ ಕೆಲವು ವರುಷ ಓಡಿದ ಮೇಲೆ ಅದರ ಅಡಿಯಿಂದಲೋ ಹಿಂದಿನಿಂದಲೋ ಗಡಗಡ ಎಂಬ ಶಬ್ದವು ಹೊರಡುತ್ತದೆ. ಖಾಲಿ ಡಬ್ಬಿಯಲ್ಲಿ ಹರಳು ಹಾಕಿ ಅಲ್ಲಾಡಿಸಿದ ಹಾಗಿರುತ್ತದೆ. ಕಾರು ಓಡುವದೇನೋ ನಿಲ್ಲುವದಿಲ್ಲ. ಆದರೆ ಒಳಗೆ ಕೂತವರಿಗೆ ನೆಮ್ಮದಿಯಿರುವದಿಲ್ಲ. ಈ ಸದ್ದನ್ನು ಹುಡುಕಿ ನಿಲ್ಲಿಸುವ ಕ್ರಮವನ್ನು ಆಲೋಚಿಸಿದರೆ, ಸಭೆಯೊಳಗಿನ ಗುಣುಗುಟ್ಟುವಿಕೆಯನ್ನು ಹೇಗೆ ತೀರಿಸಬೇಕೆಂಬದಕ್ಕೆ ನಮಗೆ ಪಾಠವು ಸಿಕ್ಕುವದು.

ಯೆರೂಸಲೇಮಿನ ಮೊದಲನೆಯ ಸಭೆಯಲ್ಲಿಯೂ ಇಂಥ ಸದ್ದು ಹುಟ್ಟಿತು. ಶಿಷ್ಯರ ಸಂಖ್ಯೆ ಹೆಚ್ಚುತ್ತಿದ್ದ ದಿವಸಗಳಲ್ಲಿ ಗ್ರೀಕ್ ಭಾಷೆಯವರು ಇಬ್ರಿಯ ಭಾಷೆಯವರ ಮೇಲೆ ದೂರು ಹೇಳತೊಡಗಿದರು. ದಿನದಿನವೂ ಹಂಚುವ ಆಹಾರವು ತಮ್ಮ ವಿಧವೆಯರಿಗೆ ಸರಿಯಾಗಿ ಮುಟ್ಟುವದಿಲ್ಲವೆಂಬದೇ ಆ ದೂರು. ಪವಿತ್ರಾತ್ಮನು ಬಲವಾಗಿ ಕ್ರಿಯೆ ನಡಿಸುತ್ತಿದ್ದ ಸಭೆಯಲ್ಲಿಯೇ ಇದು ಸಂಭವಿಸಿತು. ಹೀಗಿರಲಾಗಿ ನಮ್ಮ ಸಭೆಯಲ್ಲಿ ಸದ್ದು ಕೇಳಿದಾಗ ಎಲ್ಲವೂ ಕೆಟ್ಟಿತೆಂದು ಎದೆಗುಂದಬಾರದು. ಆದರೆ ಕೇಳದವರಂತೆಯೂ ಇರಬಾರದು.

ಮೊದಲನೆಯದಾಗಿ, ಸದ್ದನ್ನು ಮುಚ್ಚುವದು ದುರಸ್ತಿಯಲ್ಲ. ಕೆಲವರು ಕಾರಿನೊಳಗೆ ಗಡಗಡ ಕೇಳಿದ ಕೂಡಲೆ ರೇಡಿಯೋವನ್ನು ಗಟ್ಟಿಯಾಗಿ ಹಾಕುತ್ತಾರೆ. ಕಿವಿಗೆ ಹಿತವಾಯಿತು, ಸಡಿಲವಾದದ್ದು ಸಡಿಲವಾಗಿಯೇ ಉಳಿಯಿತು. ಸಭೆಯಲ್ಲಿಯೂ ಹಾಗೆಯೇ. ಬಡ ವಿಧವೆಯೊಬ್ಬಳು ತನಗಾದ ಅನ್ಯಾಯವನ್ನು ಹೇಳಬಂದರೆ, ದೇವರ ಮನೆಯಲ್ಲಿ ಜಗಳ ಬೇಡವೆಂದು ಆಕೆಯ ಬಾಯಿ ಮುಚ್ಚಿಸಿ, ಕೀರ್ತನೆಯನ್ನು ಮತ್ತಷ್ಟು ಗಟ್ಟಿಯಾಗಿ ಹಾಡುವವರುಂಟು. ಅಪೊಸ್ತಲರು ಹಾಗೆ ಮಾಡಲಿಲ್ಲ. ಗೊಣಗಿದವರನ್ನು ಗದರಿಸಿದರೆಂದು ಆ ಅಧ್ಯಾಯದಲ್ಲಿ ಎಲ್ಲಿಯೂ ಬರೆದಿಲ್ಲ. ಅವರು ಶಿಷ್ಯರ ಸಮೂಹವನ್ನೆಲ್ಲಾ ಕರೆಸಿ, ಆ ಸಂಗತಿಯನ್ನು ಎಲ್ಲರ ಮುಂದೆ ಇಟ್ಟರು.

ಎರಡನೆಯದಾಗಿ, ಸದ್ದು ಕೇಳಿಸುವ ಸ್ಥಳವೇ ಅದು ಹುಟ್ಟುವ ಸ್ಥಳವೆಂದು ತಿಳಿಯಬಾರದು. ಕಾರಿನ ಕಬ್ಬಿಣದ ಮೈಯಲ್ಲಿ ಶಬ್ದವು ದೂರ ಹರಿಯುತ್ತದೆ. ಅಡಿಯಲ್ಲಿ ಬಡಿಯುವದು ಬಾಗಿಲಲ್ಲಿ ಬಡಿದಂತೆ ಕೇಳಬಹುದು. ಆದಕಾರಣ ಬಲ್ಲ ಮೇಸ್ತ್ರಿಯು ಪಾನಾವನ್ನು ಹಿಡಿಯುವದಕ್ಕಿಂತ ಮುಂಚೆ ಪ್ರಶ್ನೆ ಕೇಳುತ್ತಾನೆ: ಕಾರು ನಿಂತು ಎಂಜಿನು ಮಾತ್ರ ಓಡುವಾಗ ಸದ್ದುಂಟೋ? ಹಳ್ಳದ ದಾರಿಯಲ್ಲಿ ಮಾತ್ರವೋ? ಬ್ರೇಕು ತುಳಿದಾಗಲೋ, ತಿರುಗಿಸಿದಾಗಲೋ? ನಿಂತಾಗಲೂ ಕೇಳಿದರೆ ಎಂಜಿನಿನ ಅಥವಾ ಹೊಗೆಕೊಳವೆಯ ಕಡೆ ನೋಡಬೇಕು. ಹಳ್ಳದಲ್ಲಿ ಮಾತ್ರ ಕೇಳಿದರೆ ಗಾಲಿಯನ್ನು ಹಿಡಿದಿರುವ ಭಾಗಗಳನ್ನು ನೋಡಬೇಕು. ಅದಕ್ಕೂ ಮೊದಲು ಡಿಕ್ಕಿಯಲ್ಲಿರುವ ಜಾಕು, ಪಾನಾ, ಖಾಲಿ ಶೀಸೆ ಮೊದಲಾದವುಗಳನ್ನು ಹೊರಗೆ ತೆಗೆದಿಡಬೇಕು. ಅನೇಕ ಸಾರಿ ಸದ್ದು ಅಲ್ಲಿಗೇ ಮುಗಿಯುತ್ತದೆ. ಮುಗಿಯದಿದ್ದರೆ ಒಬ್ಬನು ಕಾರನ್ನು ನಡಿಸಬೇಕು, ಮತ್ತೊಬ್ಬನು ಹಿಂದೆ ಕೂತು ಕಿವಿಗೊಡಬೇಕು. ನಡಿಸುವವನ ಗಮನವು ದಾರಿಯ ಮೇಲಿರುತ್ತದೆ. ಹಿಂದೆ ಕೂತವನಿಗೆ ಅವನಿಗೆ ಕೇಳದ್ದು ಕೇಳುತ್ತದೆ.

ಸಭಾಪಾಲಕರೇ, ಹಿರಿಯರೇ, ಇದನ್ನು ಮನಸ್ಸಿನಲ್ಲಿಡಿರಿ. ಸಭೆಯನ್ನು ನಡಿಸುವವರಿಗೆ ಕೇಳದ್ದು ಕಡೇ ಸಾಲಿನಲ್ಲಿ ಕೂತವರಿಗೆ ಕೇಳುತ್ತದೆ. ಯೆರೂಸಲೇಮಿನಲ್ಲಿ ಆರಿಸಲ್ಪಟ್ಟ 7 ಮಂದಿಯ ಹೆಸರುಗಳನ್ನು ನೋಡಿರಿ: ಸ್ತೆಫನ, ಫಿಲಿಪ್ಪ, ಪ್ರೊಖೋರ, ನಿಕನೋರ, ತಿಮೋನ, ಪರ್ಮೇನ, ನಿಕೊಲಾಯ. ಇವೆಲ್ಲವೂ ಗ್ರೀಕ್ ಹೆಸರುಗಳೇ. ನೋವುಂಡವರ ಭಾಷೆಯನ್ನು ಬಲ್ಲವರ ಕೈಗೆ ಹಂಚುವ ಕೆಲಸವು ಒಪ್ಪಿಸಲ್ಪಟ್ಟಿತೆಂದು ಇದರಿಂದ ತೋರುತ್ತದೆ.

ಮೂರನೆಯದಾಗಿ, ಹುಡುಕುವವನು ಒಂದೊಂದನ್ನೇ ಮುಟ್ಟಿ ನೋಡಬೇಕು. ಇಂಥ ಸದ್ದಿಗೆ ಆಗಾಗ್ಗೆ ಕಾರಣವಾಗುವದು ಒಂದು ತೆಳ್ಳಗಿನ ತಗಡು. ಎಂಜಿನಿನ ಬಿಸಿ ಹೊಗೆಯನ್ನು ಒಯ್ಯುವ ಕೊಳವೆಯು ಬಹಳವಾಗಿ ಕಾಯುವದರಿಂದ, ಅದರ ಬೇಗೆಯು ಕಾರಿನ ನೆಲಕ್ಕೆ ತಗಲದಂತೆ ನಡುವೆ ಈ ತಗಡನ್ನು ಸಣ್ಣ ಬೋಲ್ಟುಗಳಿಂದ ಬಿಗಿದಿರುತ್ತಾರೆ. ಮಳೆಗೂ ಕೆಸರಿಗೂ ಬೋಲ್ಟಿನ ಸುತ್ತಲೂ ತುಕ್ಕು ಹಿಡಿದು ತೂತು ಅಗಲವಾಗುತ್ತದೆ. ಆಗ ಎಂಜಿನು ನಡುಗಿದಾಗೆಲ್ಲಾ ತಗಡು ಬಡಿದುಕೊಳ್ಳುತ್ತದೆ. ಎಂಜಿನನ್ನು ನಿಲ್ಲಿಸಿ, ಕೊಳವೆ ಪೂರ್ಣವಾಗಿ ತಣ್ಣಗಾದ ಮೇಲೆ, ಮುಷ್ಟಿಯಿಂದ ಮೆಲ್ಲಗೆ ತಟ್ಟಿದರೆ ಆ ತಗಡು ತನ್ನ ಶಬ್ದದಿಂದಲೇ ತನ್ನನ್ನು ತೋರಿಸಿಕೊಡುವದು. ಬರೀ ಜಾಕಿನ ಮೇಲೆ ಎತ್ತಿದ ಕಾರಿನ ಅಡಿಗೆ ಯಾರೂ ನುಗ್ಗಬಾರದು; ಜಾಕು ಜಾರಿದರೆ ಪ್ರಾಣವೇ ಹೋಗುವದು.

ಆದರೂ ಆತುರಪಡಬಾರದು. 1995ನೆಯ ಇಸವಿಯಲ್ಲಿ ದೇಶದ 4 ಮಹಾನಗರಗಳಲ್ಲಿ ಹೊಸ ಪೆಟ್ರೋಲ್ ಕಾರುಗಳಿಗೆ ಕ್ಯಾಟಲಿಟಿಕ್ ಕನ್ವರ್ಟರ್ ಎಂಬ, ಹೊಗೆಯನ್ನು ಶುದ್ಧಿಮಾಡುವ ಪೆಟ್ಟಿಗೆಯು ಕಡ್ಡಾಯವಾಯಿತು. ಆಮೇಲೆ ಅದು ಎಲ್ಲಾ ಕಡೆಗೂ ಬಂತು. ಅದರೊಳಗೆ ಜೇನುಗೂಡಿನಂಥ ಪಿಂಗಾಣಿಯ ತುಂಡು ಇರುತ್ತದೆ. ಅದು ಒಡೆದರೂ ಇಂಥದೇ ಗಡಗಡ ಕೇಳುತ್ತದೆ. ಸದ್ದು ಒಂದೇ, ಕಾರಣ ಎರಡು. ಹೊರಗಿನ ತಗಡನ್ನು ಎಷ್ಟು ಬಿಗಿದರೂ ಒಳಗಿನ ಒಡಕು ಮಾಯುವದಿಲ್ಲ. ಒಬ್ಬ ಸಹೋದರನು ಸಭೆಯ ಲೆಕ್ಕದ ವಿಷಯವಾಗಿ ಗೊಣಗಿದರೆ, ಅವನಿಗೆ ಲೆಕ್ಕವನ್ನು ಓದಿ ಹೇಳದಿರುವದೇ ಕಾರಣವಿರಬಹುದು. ಇಲ್ಲವೆ ಎಂದೋ ಯಾರೋ ಆಡಿದ ಕಠಿಣವಾದ ಮಾತು ಅವನ ಎದೆಯೊಳಗೆ ಒಡೆದು ಉಳಿದಿರಬಹುದು. ಅವನ ಮನೆಗೆ ಹೋಗಿ, ಕೂತು, ಕೇಳಿದ ಹೊರತು ಯಾವದೆಂದು ತಿಳಿಯದು.

ನಾಲ್ಕನೆಯದಾಗಿ, ಬಡಿಯುವದನ್ನು ಕಿತ್ತುಹಾಕಬಾರದು, ಬಿಗಿಯಬೇಕು. ತಗಡಿನ ಪೀಡೆ ಸಾಕೆಂದು ಅದನ್ನು ಹರಿದು ಬಿಸಾಡುವವರು ಇದ್ದಾರೆ. ಸದ್ದು ಅಡಗುತ್ತದೆ. ಆದರೆ ತಡೆಯಿಲ್ಲದ ಬೇಗೆಯು ಕಾರಿನ ನೆಲವನ್ನು ಕಾಯಿಸುತ್ತದೆ. ಸುಗ್ಗಿಯ ಕಾಲದಲ್ಲಿ ದಾರಿಯ ಮೇಲೆ ಹರಡಿದ ಒಣ ಹುಲ್ಲು ಕಾದ ಕೊಳವೆಗೆ ಸಿಕ್ಕಿಕೊಂಡರೆ ಬೆಂಕಿ ಹತ್ತುವ ಅಪಾಯವೂ ಉಂಟು. ಗೊಣಗುವ ಸಹೋದರನನ್ನು ಸಭೆಯಿಂದ ದೂಡಿದರೆ ಮೌನವು ಬರುವದು. ಅವನು ಅಲ್ಲಿದ್ದು ತಡೆಯುತ್ತಿದ್ದ ಬೇಗೆಯು ಎಷ್ಟೆಂಬದು ಅವನು ಹೋದ ಮೇಲೆಯೇ ತಿಳಿಯುವದು. ದುರಸ್ತಿಯಾದರೋ ಬಹಳ ಸಣ್ಣದು. ಅಗಲವಾದ ಒಂದು ವಾಷರನ್ನಿಟ್ಟು ಬೋಲ್ಟನ್ನು ತಿರುಗಿಸಿದರೆ, ಅಥವಾ ಉಕ್ಕಿನ ಪಟ್ಟಿಯಿಂದ ಸುತ್ತಿ ಬಿಗಿದರೆ ಸಾಕು. ಪ್ಲಾಸ್ಟಿಕ್ ದಾರದಿಂದ ಕಟ್ಟಿದರೆ ಮಾತ್ರ ಅದು ಬಿಸಿಗೆ ಕರಗುವದು. ಬಾಯಿಮಾತಿನ ರಾಜಿಯು ಇಂಥದು. ನ್ಯಾಯವನ್ನು ಸರಿಪಡಿಸಿದ ರಾಜಿಯು ಉಕ್ಕಿನ ಪಟ್ಟಿಯಂಥದು. ಗಡಗಡ ಎಂಬ ಸದ್ದಿಗಾಗಿ ಕಾರನ್ನೇ ಮಾರುವವನನ್ನು ನಾವು ನಗುತ್ತೇವೆ. ಒಂದು ಮನಸ್ತಾಪಕ್ಕಾಗಿ ಸಭೆಯನ್ನೇ ಬಿಟ್ಟು ಹೋಗುವವನೂ ಅವನಂತೆಯೇ.

ಕಡೆಯದಾಗಿ, ಕೆಲವು ಸದ್ದುಗಳಿಗೆ ಕಾರನ್ನು ಅಲ್ಲಿಯೇ ನಿಲ್ಲಿಸಬೇಕು. ಗಾಲಿಯ ನಟ್ಟುಗಳು ಸಡಿಲವಾದರೆ, ಬ್ರೇಕಿನಲ್ಲಿ ಕಟಕಟ ಕೇಳಿದರೆ, ಊರು ಮುಟ್ಟಿದ ಮೇಲೆ ನೋಡೋಣವೆನ್ನಲಾಗದು. ನಮ್ಮ ಸಭೆಗಳಲ್ಲಿ ಇಂಥ ಸದ್ದು ಯಾವದು? ಒಬ್ಬನೇ ತಂದೆಯ ಮಕ್ಕಳೆಂದು ದೀಕ್ಷಾಸ್ನಾನ ಹೊಂದಿದ ನಾವು, ಪೂರ್ವದ ಜಾತಿಯನ್ನು ನೆನಸಿ ಬೇರೆ ಬೇರೆ ಸಾಲುಗಳಲ್ಲಿ ಕೂರುವದು. ಕರ್ತನ ಭೋಜನದ ಪಾತ್ರೆಯನ್ನು ಯಾರು ಮೊದಲು ಮುಟ್ಟಬೇಕೆಂದು ಎಣಿಸುವದು. ಸಮಾಧಿಭೂಮಿಯಲ್ಲಿಯೂ ಸತ್ತವರನ್ನು ವಿಂಗಡಿಸುವದು. ಇದು ಸಣ್ಣ ತಗಡಿನ ಸದ್ದಲ್ಲ, ಗಾಲಿಯ ಸದ್ದು. ಇದನ್ನು ಸಹಿಸಿಕೊಂಡು ಓಡಿದ ಸಭೆಯು ಎಲ್ಲಿಯಾದರೂ ಮಗುಚುವದು. ಯೆರೂಸಲೇಮಿನಲ್ಲಿ ಕೊರತೆಯು ಸರಿಪಡಿಸಲ್ಪಟ್ಟ ಮೇಲೆ ಏನಾಯಿತೆಂಬದನ್ನು 7ನೆಯ ವಚನವು ತಿಳಿಸುತ್ತದೆ: ದೇವರ ವಾಕ್ಯವು ಹಬ್ಬಿತು, ಶಿಷ್ಯರು ಹೆಚ್ಚಿದರು, ಯಾಜಕರಲ್ಲಿಯೂ ಅನೇಕರು ನಂಬಿದರು. ವಿಧವೆಯರ ತಟ್ಟೆಯು ಸರಿಯಾದ ಮೇಲೆ ಸುವಾರ್ತೆಯ ದಾರಿಯೂ ತೆರೆಯಿತು.

ಆದದರಿಂದ ಪ್ರಿಯರೇ, ಈ ಭಾನುವಾರ ದೇವಾಲಯಕ್ಕೆ ಬರುವದಕ್ಕಿಂತ ಮುಂಚೆ ನಿಮ್ಮ ಸಭೆಯಲ್ಲಿ ಯಾರ ದೂರು ಕೇಳಲ್ಪಡದೆ ಉಳಿದಿದೆಯೆಂದು ವಿಚಾರಿಸಿ, ಅವರ ಮನೆಗೆ ಹೋಗಿರಿ. ಮೊದಲು ನಿಮ್ಮ ಹೃದಯವನ್ನೇ ತಟ್ಟಿ ನೋಡಿರಿ. 139ನೆಯ ಕೀರ್ತನೆಯಲ್ಲಿ ದಾವೀದನೂ ತನ್ನನ್ನು ಪರೀಕ್ಷಿಸಬೇಕೆಂದು ದೇವರನ್ನೇ ಬೇಡಿಕೊಂಡನಲ್ಲವೇ?

ಕರ್ತನೇ, ನಮ್ಮಲ್ಲಿ ಸಡಿಲವಾದದ್ದನ್ನು ತೋರಿಸು. ಅದನ್ನು ಕಿತ್ತು ಬಿಸಾಡದೆ ನಿನ್ನ ಪ್ರೀತಿಯಿಂದ ಬಿಗಿಮಾಡು. ಹಿಂದೆ ಕೂತವರ ಮಾತಿಗೆ ನಮ್ಮ ಕಿವಿಗಳನ್ನು ತೆರೆ. ಆಮೆನ್.