ಚಳಿಯನ್ನು ಸಹಿಸುವುದು ಯಾರ ಧರ್ಮ?

ಕಾರ್ತಿಕ ಕಳೆದು ಮಾರ್ಗಶಿರ ಹುಟ್ಟುವ ಹೊತ್ತಿಗೆ ಹುಣಸೂರು, ಪಿರಿಯಾಪಟ್ಟಣದ ಹೊಲಗಳಲ್ಲಿ ರಾಗಿ ಕಣ ಸೇರುತ್ತಿರುತ್ತದೆ. ಬ್ಯಾರನ್‌ನಲ್ಲಿ ಹದಗೊಂಡ ಹೊಗೆಸೊಪ್ಪು ಹರಾಜು ಮಾರುಕಟ್ಟೆಯತ್ತ ಹೊರಟಿರುತ್ತದೆ. ಇಬ್ಬನಿ ಕುಡಿದ ಅವರೆಗೆ ಸೊಗಡು ಏರುತ್ತದೆ. ಹಿಂಗಾರು ಹಿಂದೆ ಸರಿದು ಮೂಡಣದ ಒಣಗಾಳಿ ಬೀಸತೊಡಗಿತೆಂದರೆ ಮಾಗಿ ಬಂತೆಂದೇ ಲೆಕ್ಕ.

ಈ ಸೀಮೆಯಲ್ಲಿ ಹಿಮ ಬೀಳುವುದಿಲ್ಲ. ಹಿಮ ಸುರಿಯುವುದು ದೂರದ ಹಿಮಾಲಯದಲ್ಲಿ, ಪಶ್ಚಿಮದಿಂದ ಬರುವ ಹವಾ ಕ್ಷೋಭೆಗಳ ಫಲವಾಗಿ. ಅವು ದಾಟಿದ ಮೇಲೆ ಕೆಳಗಿಳಿಯುವ ಶೀತಗಾಳಿ ಬೀದರ್, ವಿಜಯಪುರಗಳನ್ನು ನಡುಗಿಸಿ, ಕಾವೇರಿ ಬಯಲಿಗೆ ಬರುವಷ್ಟರಲ್ಲಿ ಬಹುಪಾಲು ಬಲ ಕಳೆದುಕೊಂಡಿರುತ್ತದೆ. ಇಲ್ಲಿನ ಚಳಿ ಹೆಚ್ಚಾಗಿ ಇಲ್ಲಿನ ನೆಲದ್ದೇ. ಸಮುದ್ರಮಟ್ಟದಿಂದ ಸುಮಾರು 700ರಿಂದ 850 ಮೀಟರ್ ಎತ್ತರದ ಬಯಲು, ಮೋಡವಿಲ್ಲದ ರಾತ್ರಿ, ಹಗಲಿಡೀ ಕೂಡಿಟ್ಟ ಶಾಖವನ್ನು ಆಕಾಶಕ್ಕೆ ಬಿಟ್ಟುಕೊಡುವ ಮಣ್ಣು. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದು ಮೋಡ ಕವಿದರೆ ರಾತ್ರಿಯ ಚಳಿ ತಗ್ಗುತ್ತದೆ. ಮೋಡ ಸರಿದ ಮರುದಿನವೇ ಪಾದರಸ ಮತ್ತೆ ಇಳಿಯುತ್ತದೆ.

ಭಾರತೀಯ ಹವಾಮಾನ ಇಲಾಖೆ ಬಯಲುಸೀಮೆಯಲ್ಲಿ ಶೀತಗಾಳಿಯ ಮಾತೆತ್ತಬೇಕಾದರೆ ಕನಿಷ್ಠ ಉಷ್ಣಾಂಶ 10 ಡಿಗ್ರಿ ಸೆಲ್ಸಿಯಸ್ ಅಥವಾ ಅದಕ್ಕಿಂತ ಕೆಳಗಿರಬೇಕು, ಜೊತೆಗೆ ಸಾಮಾನ್ಯವಾಗಿ ವಾಡಿಕೆಗಿಂತ ಕನಿಷ್ಠ 4.5 ಡಿಗ್ರಿ ಇಳಿದಿರಬೇಕು. ಹನ್ನೆರಡು, ಹದಿಮೂರು ಡಿಗ್ರಿಯ ರಾತ್ರಿಗೆ ಆ ಎಚ್ಚರಿಕೆ ಹೊರಡುವುದಿಲ್ಲ. ಇಡೀ ದೇಶಕ್ಕೆ ಅನ್ವಯವಾಗುವ ಅಳತೆಗೆ ಒಂದು ಗೆರೆ ಬೇಕೇ ಬೇಕು, ಅದರಲ್ಲಿ ತಪ್ಪಿಲ್ಲ. ಆದರೆ ಹವಾಮಾನ ಕೇಂದ್ರದ ಉಷ್ಣಮಾಪಕ ಇರುವುದು ನೆಲದಿಂದ ಮನುಷ್ಯನ ಎದೆಯೆತ್ತರದಲ್ಲಿ, ಬಿಳಿಯ ಪೆಟ್ಟಿಗೆಯ ಮರೆಯಲ್ಲಿ. ತಿಳಿಯಾದ ರಾತ್ರಿ ನೆಲಮಟ್ಟದ ಉಷ್ಣಾಂಶ ಅದು ತೋರಿಸುವುದಕ್ಕಿಂತ ಕೆಲವು ಡಿಗ್ರಿ ಕಡಿಮೆ. ಕಬ್ಬು ಕಡಿಯಲು ಹೊರಜಿಲ್ಲೆಯಿಂದ ಬಂದು ಕೆ.ಆರ್. ನಗರದ ನಾಲಾ ಬಯಲಿನಲ್ಲಿ ಟಾರ್ಪಾಲಿನ ಕೆಳಗೆ ಮಲಗುವ ತಾಯಿ, ಎಚ್.ಡಿ. ಕೋಟೆಯ ಆದಿವಾಸಿ ಹಾಡಿಯಲ್ಲಿ ಒಲೆಯ ಸುತ್ತ ಮುದುಡಿಕೊಳ್ಳುವ ಅಜ್ಜ, ಇಬ್ಬರೂ ಮೈಚಾಚುವುದು ಆ ನೆಲದ ಮೇಲೆಯೇ. ಗಾಳಿ ಬೀಸಿದರೆ, ಹೊದಿಕೆ ಇಬ್ಬನಿಗೆ ನೆಂದರೆ, ದೇಹದ ಕಾವು ಇನ್ನೂ ಬೇಗ ಸೋರಿಹೋಗುತ್ತದೆ. ಹಸುಗೂಸಿಗೂ ಹಣ್ಣಾದ ಜೀವಕ್ಕೂ ಅದನ್ನು ಮರಳಿ ತುಂಬಿಕೊಳ್ಳುವ ಕಸುವು ಕಡಿಮೆ.

ಅಂಥವರ ಬಗ್ಗೆ ಊರಿನಲ್ಲಿ ಒಂದು ಮಾತು ಸಲೀಸಾಗಿ ಬರುತ್ತದೆ: ‘ಅವರಿಗೆ ಅಭ್ಯಾಸ ಬಿಡಿ, ತಡ್ಕೋತಾರೆ.’ ಮೇಲುನೋಟಕ್ಕೆ ಅದು ಮೆಚ್ಚುಗೆಯಂತೆಯೇ ಕೇಳಿಸುತ್ತದೆ. ಸಹನೆಯನ್ನು ದೊಡ್ಡ ಗುಣವೆಂದು ಎತ್ತಿಹಿಡಿದ ಧರ್ಮಗಳು ಬಾಳಿದ ನೆಲ ಇದು. ಹಾಗಾದರೆ ಆ ಧರ್ಮಗಳು ಈ ಮಾತಿಗೆ ಒಪ್ಪಿಗೆ ಕೊಡುತ್ತವೆಯೇ?

ಉತ್ತರ ಹುಡುಕಲು ದೂರ ಹೋಗಬೇಕಿಲ್ಲ. ಕೆ.ಆರ್. ನಗರ ಸೀಮೆಯ ಚಿಕ್ಕಹನಸೋಗೆಯಲ್ಲಿ ಆದಿನಾಥನ ತ್ರಿಕೂಟ ಬಸದಿಯಿದೆ. ಚಂಗಾಳ್ವ ಅರಸರ ಕಾಲದಲ್ಲಿ ಹನಸೋಗೆ ದಕ್ಷಿಣದ ಜೈನ ಮುನಿಪರಂಪರೆಯ ದೊಡ್ಡ ನೆಲೆಯಾಗಿತ್ತು. ಮುನಿಗಳ ಒಂದು ಶಾಖೆಯೇ ಈ ಊರಿನ ಹೆಸರು ಹೊತ್ತಿತು. ದಿಗಂಬರ ಮುನಿ ಸಹಿಸಿ ಗೆಲ್ಲಬೇಕಾದ ಕಷ್ಟಗಳು, ಅಂದರೆ ಪರೀಷಹಗಳು, 22. ಉಮಾಸ್ವಾಮಿಯ ‘ತತ್ತ್ವಾರ್ಥಸೂತ್ರ’ದ ಒಂಬತ್ತನೆಯ ಅಧ್ಯಾಯ ಅವನ್ನು ಎಣಿಸುವಾಗ ಹಸಿವು, ಬಾಯಾರಿಕೆಗಳ ಬೆನ್ನಿಗೇ ಮೂರನೆಯದಾಗಿ ಶೀತವನ್ನು ಹೆಸರಿಸುತ್ತದೆ. ಕಾವೇರಿಯ ಮಗ್ಗುಲಿನ ಮಾಗಿಯ ರಾತ್ರಿಗಳಲ್ಲಿ ಬಟ್ಟೆಯಿಲ್ಲದೆ, ಬೆಂಕಿಯಿಲ್ಲದೆ ಕುಳಿತವನಿಗೆ ಶೀತವೆಂಬುದು ಎಂಥ ಪರೀಕ್ಷೆಯೆಂದು ಊಹಿಸಬಹುದು. ಆದರೆ ಅವನು ಅರಿತು, ಆರಿಸಿ, ದೀಕ್ಷೆ ಹಿಡಿದು ಬಂದವನು. ಅದೇ ಧರ್ಮ ಶ್ರಾವಕನಿಗೆ, ಅಂದರೆ ಗೃಹಸ್ಥನಿಗೆ, ಬೇರೊಂದು ಕೆಲಸ ವಹಿಸಿತು: ಆಹಾರ, ಅಭಯ, ಔಷಧ, ಶಾಸ್ತ್ರ ಎಂಬ ನಾಲ್ಕು ದಾನ. ಸಹಿಸುವ ವ್ರತ ಮುನಿಯದು, ಕೊಡುವ ವ್ರತ ಗೃಹಸ್ಥನದು. ಗೃಹಸ್ಥ ಕೊಡುವುದನ್ನು ಬಿಟ್ಟು ಬಡವನಿಗೆ ಪರೀಷಹದ ಪಾಠ ಹೇಳುವುದಕ್ಕೆ ಈ ಏರ್ಪಾಟಿನಲ್ಲಿ ಎಡೆಯೇ ಇಲ್ಲ.

ಗೀತೆಯ ಎರಡನೆಯ ಅಧ್ಯಾಯದಲ್ಲಿ ಕೃಷ್ಣ ಅರ್ಜುನನಿಗೆ ಚಳಿ-ಬಿಸಿಲು, ಸುಖ-ದುಃಖಗಳು ಬಂದು ಹೋಗುವಂಥವು, ತಾಳಿಕೋ ಎನ್ನುತ್ತಾನೆ. ತಿತಿಕ್ಷೆಯ ಈ ಉಪದೇಶವನ್ನು ಜನ ಮತ್ತೆ ಮತ್ತೆ ನೆನೆಯುತ್ತಾರೆ. ಅಲ್ಲಿ ಕೃಷ್ಣ ಮಾತಾಡುತ್ತಿರುವುದು ತನ್ನದೇ ದುಃಖದಲ್ಲಿ ಕುಸಿದು ಕುಳಿತ ಒಬ್ಬನೊಂದಿಗೆ. ಅದೇ ಗೀತೆಯ ಆರನೆಯ ಅಧ್ಯಾಯಕ್ಕೆ ಬಂದರೆ, ಎಲ್ಲೆಡೆಯೂ ಇನ್ನೊಬ್ಬರ ಸುಖದುಃಖವನ್ನು ತನ್ನದೆಂಬಂತೆ ಕಾಣುವವನೇ ಶ್ರೇಷ್ಠ ಯೋಗಿ. ತನ್ನ ಚಳಿಗೆ ಎರಡನೆಯ ಅಧ್ಯಾಯ, ಪಕ್ಕದವನ ಚಳಿಗೆ ಆರನೆಯ ಅಧ್ಯಾಯ. ಈ ಎರಡನ್ನು ಅದಲುಬದಲು ಮಾಡಿ, ತನಗೆ ರಗ್ಗು, ಪರರಿಗೆ ತಿತಿಕ್ಷೆ ಎಂದಾಗ ಶಾಸ್ತ್ರ ಕ್ರೌರ್ಯಕ್ಕೆ ಮುಸುಕಾಗುತ್ತದೆ.

ಪಿರಿಯಾಪಟ್ಟಣ ತಾಲ್ಲೂಕಿನ ಬೈಲಕುಪ್ಪೆಯಲ್ಲಿ ಹಿಮದ ನಾಡಿನಿಂದಲೇ ಬಂದವರು ನೆಲೆಸಿದ್ದಾರೆ. 1960ರ ದಶಕದ ಆರಂಭದಲ್ಲಿ ರಾಜ್ಯ ಕೊಟ್ಟ ಕಾಡುನೆಲದಲ್ಲಿ ಟಿಬೆಟನ್ನರು ಊರು ಕಟ್ಟಿದರು. ಮುಂದೆ ಹುಣಸೂರಿನ ಗುರುಪುರದ ಬಳಿಯೂ ಅವರ ನೆಲೆ ಎದ್ದಿತು. ಬೈಲಕುಪ್ಪೆಯ ಸೆರಾ ಮಠದಲ್ಲಿ ಭಿಕ್ಷುಗಳು ತಲೆಮಾರುಗಳಿಂದ ಓದಿಕೊಂಡು ಬಂದ ಗ್ರಂಥಗಳಲ್ಲಿ ಶಾಂತಿದೇವನ ‘ಬೋಧಿಚರ್ಯಾವತಾರ’ವೂ ಒಂದು. ಅದರ ಆರನೆಯ ಅಧ್ಯಾಯದ ವಿಷಯ ಕ್ಷಾಂತಿ, ಅಂದರೆ ತಾಳ್ಮೆ: ಚಳಿ, ಬಿಸಿಲು, ಗಾಳಿ, ಮಳೆಗಳಿಗೆ ಕಂಗೆಡಬಾರದೆಂದು ಸಾಧಕ ತನಗೆ ತಾನೇ ಹೇಳಿಕೊಳ್ಳುತ್ತಾನೆ. ಎಂಟನೆಯ ಅಧ್ಯಾಯದಲ್ಲಿ ವಾದ ಹೊರಮುಖವಾಗುತ್ತದೆ. ನೋವು ಯಾರದಾದರೂ ನೋವೇ. ಅದು ನೋವು ಎಂಬ ಒಂದೇ ಕಾರಣಕ್ಕೆ ನೀಗಿಸತಕ್ಕದ್ದು.

2025ರ ಜನವರಿಯಲ್ಲಿ, 89ನೆಯ ವಯಸ್ಸಿನಲ್ಲಿ, ದಲೈ ಲಾಮಾ ಧರ್ಮಶಾಲಾದ ಚಳಿಗಾಲದ ನಡುವೆ ವಿಶ್ರಾಂತಿಗೆ ಬಂದದ್ದೂ ಬೈಲಕುಪ್ಪೆಗೇ. ಬದುಕಿಡೀ ಕ್ಷಾಂತಿಯನ್ನು ಬೋಧಿಸಿದವರ ಮುದಿಮೈಗೂ ಬೆಚ್ಚನೆಯ ಜಾಗ ಬೇಕು. ಹಾಡಿಯ ಅಜ್ಜನ ಮೈ ಕೇಳುವುದೂ ಅಷ್ಟನ್ನೇ.

ಇನ್ನೊಂದು ಆಕ್ಷೇಪ ಉಳಿಯುತ್ತದೆ: ಚಳಿಯಲ್ಲಿ ನಡುಗುವುದು ಅವರವರ ಕರ್ಮ ಅಲ್ಲವೇ? ಕರ್ಮದ ಲೆಕ್ಕವನ್ನು ಜೈನರಷ್ಟು ಸೂಕ್ಷ್ಮವಾಗಿ ಬಿಡಿಸಿಟ್ಟವರು ವಿರಳ. ಅವರೇ ಅಭಯವನ್ನೂ ಔಷಧವನ್ನೂ ಗೃಹಸ್ಥನ ಪಾಲಿಗೆ ಕಡ್ಡಾಯ ಮಾಡಿದರೆಂದರೆ, ನರಳುವವನ ಹಿಂದಿನ ಲೆಕ್ಕವನ್ನು ನೋಡುವವನು ತೆಗೆಯಬೇಕಾಗಿಲ್ಲ ಎಂದೇ ಅರ್ಥ. ನೋಡುವವನ ಕರ್ಮ ಆಗ ತಾನೇ ಶುರುವಾಗಿರುತ್ತದೆ. ಶರಣರ ದಾಸೋಹದಲ್ಲೂ ಬಂದವನ ಅರ್ಹತೆಯ ವಿಚಾರಣೆಗೆ ಜಾಗವಿಲ್ಲ.

ಹೀಗೆ ನೋಡಿದರೆ ಹವಾಮಾನ ಮುನ್ಸೂಚನೆಗೆ ನೈತಿಕ ತೂಕ ಬರುತ್ತದೆ. ನಾಡಿದ್ದು ರಾತ್ರಿ ಪಾದರಸ ಕುಸಿಯಲಿದೆ ಎಂದು ಮೊದಲೇ ತಿಳಿಯದ ಕಾಲದಲ್ಲಿ ‘ಗೊತ್ತಿರಲಿಲ್ಲ’ ಎನ್ನಬಹುದಿತ್ತು. ಈಗ ಮಂಗಳವಾರ, ಶುಕ್ರವಾರ ರೈತರಿಗಾಗಿ ಕೃಷಿ ಹವಾಮಾನ ಸಲಹೆ ಹೊರಬರುತ್ತದೆ. ಬೆಂಗಳೂರಿನ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ‘ವರುಣಮಿತ್ರ’ ಸಹಾಯವಾಣಿಗೆ ಯಾರು ಬೇಕಾದರೂ ಕರೆ ಮಾಡಬಹುದು. ಬೆಳೆಗೆ ರೋಗ ತಗಲೀತೆಂದು ಔಷಧಿ ಸಿಂಪಡಿಸಲು ಬಳಕೆಯಾಗುವ ಅದೇ ಮಾಹಿತಿ, ಬಯಲಿನಲ್ಲಿ ಮಲಗಿದ ಕೂಲಿಯವರಿಗೂ ಬಳಕೆಯಾಗಬೇಕು.

ಅದಕ್ಕೆ ಬೇಕಾದ ಏರ್ಪಾಡು ಬಹುಪಾಲು ಊರಲ್ಲೇ ಇದೆ. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಧನುರ್ಮಾಸ. ವರ್ಷದ ಅತಿ ತಣ್ಣನೆಯ ದಿನಗಳೂ ಅವೇ. ಈ ಸೀಮೆಯ ದೇಗುಲಗಳಲ್ಲಿ ಬೆಳಕು ಹರಿಯುವ ಮೊದಲೇ ಪೂಜೆ ನಡೆದು ಬಿಸಿ ಹುಗ್ಗಿ ನೈವೇದ್ಯವಾಗುತ್ತದೆ. ಸಂಕ್ರಾಂತಿಯ ಆಸುಪಾಸಿನಲ್ಲಿ ಚುಂಚನಕಟ್ಟೆಯ ಜಾನುವಾರು ಜಾತ್ರೆಯಲ್ಲಿ ರೈತರು ತಮ್ಮ ಎತ್ತುಗಳಿಗೆ ಚಪ್ಪರ ಹಾಕಿ, ಗೋಣಿ ಹೊದಿಸಿ, ಪಕ್ಕದಲ್ಲೇ ಮಲಗುತ್ತಾರೆ. ಎತ್ತಿಗೆ ಸಿಗುವ ಆ ಕಾಳಜಿ ಕಬ್ಬಿನ ಗದ್ದೆಯ ಟಾರ್ಪಾಲಿನವರೆಗೂ ಹೋಗಬೇಕು. ಸಂಜೆಯ ಮುನ್ಸೂಚನೆ 13 ಡಿಗ್ರಿ ಎಂದಾಗ ಪಂಚಾಯಿತಿಯವರು ಸಮುದಾಯ ಭವನದ ಬೀಗ ತೆಗೆಯಬಹುದು. ಕಟಾವಿನ ಮೇಸ್ತ್ರಿ ಬಾಣಂತಿಯರನ್ನೂ ಮಕ್ಕಳನ್ನೂ ಗಾಳಿಯ ಮರೆಗೆ ಸರಿಸಬಹುದು. ಮುಚ್ಚಿದ ಗುಡಿಸಲೊಳಗೆ ಕೆಂಡ ಇಟ್ಟು ಮಲಗಿದರೆ ವಿಷಾನಿಲಕ್ಕೆ ಜೀವ ಹೋದೀತೆಂದು ಆಶಾ ಕಾರ್ಯಕರ್ತೆ ಮನೆಮನೆಗೆ ಹೇಳಬಹುದು. ಧನುರ್ಮಾಸದ ಹುಗ್ಗಿಯ ಒಂದು ಕೊಳಗ ದೇಗುಲದ ಬಾಗಿಲು ದಾಟಿ ಹಾಡಿಗೂ ಬಿಡಾರಕ್ಕೂ ಬಿಸಿಯಾಗಿರುವಾಗಲೇ ಹೋಗಲಿ. ಈ ಮಾಗಿಯಲ್ಲೇ ಅದನ್ನು ಶುರುಮಾಡಲು ಯಾವ ಆದೇಶಕ್ಕೂ ಕಾಯಬೇಕಿಲ್ಲ.