ಅನಿತ್ಯಕ್ಕೆ ಅಣಿಯಾಗುವುದು

ಶ್ರವಣಬೆಳಗೊಳದಲ್ಲಿ ಎರಡು ಬೆಟ್ಟಗಳು ಎದುರುಬದುರಾಗಿವೆ. ಸುಮಾರು 981ರಲ್ಲಿ ಗಂಗರ ಮಂತ್ರಿ ಚಾವುಂಡರಾಯ ದೊಡ್ಡಬೆಟ್ಟದ ಮೇಲೆ 58 ಅಡಿಯ ಗೊಮ್ಮಟನನ್ನು ನಿಲ್ಲಿಸಿದ. ಅದೇ ಆಸುಪಾಸಿನಲ್ಲಿ, 982ರಲ್ಲಿ, ರಾಷ್ಟ್ರಕೂಟ ವಂಶದ ನಾಲ್ಕನೇ ಇಂದ್ರ ಇದೇ ಊರಲ್ಲಿ, ಆಹಾರ ತೊರೆಯುವ ಸಲ್ಲೇಖನ ವ್ರತ ಹಿಡಿದು ದೇಹ ಬಿಟ್ಟ. ಅವನ ಮನೆತನದ ಸಾಮ್ರಾಜ್ಯ 973ರಲ್ಲೇ ಕೈತಪ್ಪಿತ್ತು. ಅವನನ್ನು ಪಟ್ಟಕ್ಕೆ ಕೂರಿಸಲು ಹೆಣಗಿದ ಸೋದರಮಾವ, ಗಂಗರ ಮಾರಸಿಂಹ, ಅದೇ ವ್ರತದಲ್ಲಿ ಅದಾಗಲೇ ತೀರಿಕೊಂಡಿದ್ದ.

ಚಿಕ್ಕಬೆಟ್ಟದ ಬಂಡೆಗಳ ಮೇಲೆ ಏಳನೇ ಶತಮಾನದಿಂದಲೂ ಇಂಥ ಸಾವುಗಳನ್ನು ಕೆತ್ತಿಟ್ಟಿದ್ದಾರೆ. ಮುನಿಗಳು, ಕಂತಿಯರು, ಗೃಹಸ್ಥರು ಎಲ್ಲರೂ ಅಲ್ಲಿದ್ದಾರೆ. ಜೈನರು ಹೇಳುವ ಹನ್ನೆರಡು ಅನುಪ್ರೇಕ್ಷೆಗಳಲ್ಲಿ, ಅಂದರೆ ಚಿಂತನೆಗಳಲ್ಲಿ, ಮೊದಲನೆಯದೇ ಅನಿತ್ಯ. ಆ ನಿಸಿದಿಗಲ್ಲುಗಳ, ಅಂದರೆ ಸಾವಿನ ನೆನಪಿನ ಕಲ್ಲುಗಳ, ಜನ ಅನಿತ್ಯವನ್ನು ಬಾಯಲ್ಲಿ ಹೇಳಿ ಬಿಟ್ಟವರಲ್ಲ, ಅದಕ್ಕೆ ಅಣಿಯಾದವರು.

ನಾವು ಅಲ್ಲಿಗೆ ಹೋದದ್ದು ಪ್ರವಾಸಿಗರಾಗಿ. ಮಕ್ಕಳಿಗೆ ಡಿಸೆಂಬರ್ ರಜೆ. ಬೆಳಗ್ಗೆ ಬೆಟ್ಟ, ಮಧ್ಯಾಹ್ನ ಹಳೇಬೀಡು, ಸಂಜೆ ಬೇಲೂರು ಎಂದು ಅಕ್ಕ ಪಟ್ಟಿ ಮಾಡಿದ್ದಳು. ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳ ದೊಡ್ಡಬೆಟ್ಟದಲ್ಲಿ ಅರ್ಧ ಏರುವಷ್ಟರಲ್ಲಿ ಭಾವ ಬಂಡೆಗೆ ಒರಗಿ ಕುಳಿತರು. ಹಣೆಯಲ್ಲಿ ತಣ್ಣನೆಯ ಬೆವರು, ಎಡ ದವಡೆಯವರೆಗೆ ಹಬ್ಬಿದ ನೋವು. "ಏನಿಲ್ಲ ಬಿಡ್ರೋ, ಗ್ಯಾಸ್ಟ್ರಿಕ್ ಇರಬೇಕು" ಎಂದು ಏಳಲು ಹೋದರು. ಮೆಟ್ಟಿಲಲ್ಲಿ ನಿಂತಿದ್ದ ಡೋಲಿಯವರೊಬ್ಬರು ಅವರ ಭುಜ ಹಿಡಿದು ಕೂರಿಸಿದರು. "ನಡೆಸ್ಬ್ಯಾಡಿ ಸಾ, ನಾವು ಇಳಿಸ್ತೀವಿ." ಜೊತೆಯವರನ್ನು ಕೂಗಿ ಕರೆದು, ಡೋಲಿ ಎತ್ತಿ, ನಿಲ್ಲದೆ ಇಳಿಸಿದರು. ಕೆಳಗಿನಿಂದ ಚನ್ನರಾಯಪಟ್ಟಣದ ಆಸ್ಪತ್ರೆ ಸೇರುವವರೆಗೂ ಅಕ್ಕ ಭಾವನ ಕೈ ಬಿಡಲಿಲ್ಲ.

ಹೃದಯಾಘಾತದಲ್ಲಿ ನಡೆಯುವುದು ಇಷ್ಟು. ಹೃದಯಕ್ಕೆ ರಕ್ತ ಒಯ್ಯುವ ನಾಳದೊಳಗಿನ ಕೊಬ್ಬಿನ ಪದರ ಬಿರಿಯುತ್ತದೆ, ಅಲ್ಲಿ ರಕ್ತ ಹೆಪ್ಪುಗಟ್ಟಿ ದಾರಿ ಮುಚ್ಚುತ್ತದೆ. ಅದರಾಚೆಯ ಸ್ನಾಯು ಅರ್ಧ ಗಂಟೆಯೊಳಗೇ ಸಾಯತೊಡಗುತ್ತದೆ. ಹೆಪ್ಪು ಎಷ್ಟು ಬೇಗ ಕರಗಿದರೆ ಅಷ್ಟು ಸ್ನಾಯು ಉಳಿಯುತ್ತದೆ. ಇಸಿಜಿ ನೋಡಿದ ಕರ್ತವ್ಯದ ವೈದ್ಯೆ ಹೆಚ್ಚು ಮಾತಾಡಲಿಲ್ಲ. ಹೆಪ್ಪು ಕರಗಿಸುವ ಚುಚ್ಚುಮದ್ದು ಕೊಟ್ಟು ಹಾಸನಕ್ಕೆ ಕಳಿಸಿದರು. ಅಲ್ಲಿ ಸ್ಟೆಂಟ್ ಹಾಕಿದರು. ಭಾವ ಉಳಿದರು.

ಆಮೇಲೆ ನೋಡಲು ಬಂದ ಬಂಧುಗಳೆಲ್ಲ ಒಂದೇ ಮಾತು ಹೇಳಿದರು: "ನಮ್ಮ ಕೈಯಲ್ಲಿ ಏನಿದೆ? ಎಲ್ಲ ನೀರ ಮೇಲಣ ಗುಳ್ಳೆ." ಸಮಾಧಾನಕ್ಕೆ ಆಡಿದ ಮಾತು, ಅದರ ಪ್ರೀತಿ ನನಗೆ ಅರ್ಥವಾಗುತ್ತದೆ. ಆದರೆ ಅದನ್ನು ಒಪ್ಪಲಾರೆ. ನಮ್ಮ ಕೈಯಲ್ಲಿ ಏನೂ ಇಲ್ಲ ಎಂದು ಆ ಡೋಲಿಯವರು ಅಂದುಕೊಂಡಿದ್ದರೆ? ಆ ಔಷಧದ ಸೀಸೆಯನ್ನು ತಾಲ್ಲೂಕು ಕೇಂದ್ರದಲ್ಲಿ ಮುಂಚೆಯೇ ತಂದಿಟ್ಟಿರದಿದ್ದರೆ? ಅದನ್ನು ತಂದಿಟ್ಟವರಿಗೆ ನಮ್ಮ ಹೆಸರು ಗೊತ್ತಿರಲಿಲ್ಲ. ಯಾರದೋ ಎದೆ ಯಾವಾಗಲೋ ಕೈಕೊಡುತ್ತದೆ ಎಂಬುದು ಮಾತ್ರ ಗೊತ್ತಿತ್ತು. ಅನಿತ್ಯದ ನಿಜವಾದ ಅರಿವು ಅದು.

ನಟ ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು, 46ನೇ ವಯಸ್ಸಿನಲ್ಲಿ, ಹೃದಯ ಕೈಕೊಟ್ಟು ತೀರಿಕೊಂಡಾಗ ನಾಡೇ ಅತ್ತಿತು. ಆ ಅಳು ಅಲ್ಲಿಗೇ ನಿಲ್ಲಲಿಲ್ಲ. ತಾಲ್ಲೂಕು ಆಸ್ಪತ್ರೆಗಳಲ್ಲೇ ಇಸಿಜಿ ಮಾಡಿ, ಈ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ಸರ್ಕಾರಿ ಯೋಜನೆಗೆ ಅವರ ಹೆಸರಿಟ್ಟು 'ಹೃದಯ ಜ್ಯೋತಿ' ಎಂದು ಕರೆದರು. ಇಂಥದೇ ಸಿದ್ಧತೆಯಾದ 108 ಆಂಬುಲೆನ್ಸ್ ಅದಕ್ಕೂ ಮುಂಚೆ, 2008ರಿಂದಲೇ, ನಾಡಿನ ರಸ್ತೆಗಳಲ್ಲಿ ಓಡುತ್ತಿದೆ. ಯಾರದೋ ಸಾವಿನಿಂದ ಕಲಿತು ಇನ್ಯಾರದೋ ಬದುಕಿಗೆ ಅಣಿಯಾಗುವುದನ್ನು ನಾನು ವೈರಾಗ್ಯಕ್ಕಿಂತ ದೊಡ್ಡದೆಂದು ನಂಬುತ್ತೇನೆ.

ಇನ್ನೊಂದು ಮಾತಿದೆ. ಅನಿತ್ಯ ನಮ್ಮಿಂದ ಕಸಿಯುವುದನ್ನಷ್ಟೇ ನಾವು ಎಣಿಸುತ್ತೇವೆ, ಅದು ಕೊಡುವುದನ್ನು ಮರೆಯುತ್ತೇವೆ. ಆರೋಗ್ಯ ಶಾಶ್ವತವಲ್ಲ, ನಿಜ. ನಾಳದೊಳಗಿನ ಹೆಪ್ಪೂ ಶಾಶ್ವತವಲ್ಲ. ಬದಲಾಗದ ಲೋಕದಲ್ಲಿ ಔಷಧಕ್ಕೆ ಕೆಲಸವೇ ಇರುತ್ತಿರಲಿಲ್ಲ. ಭಾವನ ಎದೆಯನ್ನು ಹಿಂಡಿದ ನಿಯಮವೇ ಆ ಹೆಪ್ಪನ್ನೂ ಕರಗಿಸಿತು. ನಡುವೆ ಬೇಕಾದದ್ದು ಎಚ್ಚರವಿದ್ದ ಕೆಲವು ಮನುಷ್ಯರು.

ನಿಸಿದಿಗಲ್ಲಿನ ಜನ ತಮ್ಮ ಸಾವಿಗೆ ತಾವು ಅಣಿಯಾದರು. ಮನೆಮಂದಿಯೊಡನೆ ಬಾಳುವ ನಮ್ಮಂಥವರು ಅಣಿಯಾಗಬೇಕಾದದ್ದು ಒಬ್ಬರ ಉಳಿವಿಗೆ ಇನ್ನೊಬ್ಬರು. ಆದ್ದರಿಂದ ಮುಂದಿನ ರಜೆಗೆ ಹೊರಡುವ ಮುನ್ನ, ನೋಡಬೇಕಾದ ಜಾಗಗಳ ಪಟ್ಟಿಯ ಪಕ್ಕದಲ್ಲೇ ಹಿರಿಯರ ಮಾತ್ರೆಗಳ ಹೆಸರು ಬರೆದುಕೊಳ್ಳಿ. ದಾರಿಯಲ್ಲಿ ಯಾವ ಆಸ್ಪತ್ರೆ ಎಲ್ಲಿದೆ ಎಂದು ತಿಳಿದಿಟ್ಟುಕೊಳ್ಳಿ. ಎದೆ ಹಿಡಿದುಕೊಂಡು ಬೆವರುವವರನ್ನು ಗ್ಯಾಸ್ಟ್ರಿಕ್ ಎಂದು ಕೂರಿಸಿಕೊಳ್ಳದೆ 108ಕ್ಕೆ ಕರೆ ಮಾಡಿ. ಆಮೇಲೆ ನಿಶ್ಚಿಂತೆಯಿಂದ ಹೊರಡಿ. ಯಾವುದೂ ನಿಲ್ಲುವುದಿಲ್ಲವೆಂದು ಬಲ್ಲವರಿಗೇ ಜೊತೆಗೆ ಕಳೆಯುವ ದಿನದ ಬೆಲೆ ಗೊತ್ತು.