ಮನೆಮಾತಿನ ಋಣ

ನಮ್ಮ ಹುಬ್ಬಳ್ಳಿಯಲ್ಲಿ ಹೊಸಬರು ಭೆಟ್ಟಿಯಾದರೆ ಮೊದಲು ಕೇಳುವುದು ಹೆಸರನ್ನಲ್ಲ, ಊರನ್ನು. "ನಿಮ್ಮದು ಯಾವೂರಾತ್ರಿ?" ಎಂದು. ಅದರಲ್ಲಿ ಕೆಡುಕೇನೂ ಇಲ್ಲ. ಊರು ತಿಳಿದರೆ ಬೀಗರು ಬಿಜ್ಜರು ಯಾರಾದರೂ ಹೊರಡುತ್ತಾರೆ, ಮಾತು ಬೆಳೆಯುತ್ತದೆ. ಆದರೆ ಕೆಲವರಿಗೆ ಈ ಪ್ರಶ್ನೆ ಒಂದೇ ಸಲಕ್ಕೆ ಮುಗಿಯುವುದಿಲ್ಲ. ಅವರು "ಇದೇ ಊರ‍್ರಿ" ಎಂದರೂ ಕೇಳಿದವರಿಗೆ ಸಮಾಧಾನವಿಲ್ಲ. "ಅದು ಖರೆ, ಆದರ ಮೂಲ ಯಾವೂರು?" ಎಂದು ಮತ್ತೊಂದು ಬರುತ್ತದೆ. ಎಷ್ಟು ತಲೆಮಾರು ಕಳೆದ ಮೇಲೆ ಈ ಎರಡನೆಯ ಪ್ರಶ್ನೆ ನಿಲ್ಲಬೇಕು ಎಂಬುದು ನನ್ನನ್ನು ಬಹಳ ದಿನಗಳಿಂದ ಕಾಡುತ್ತಿದೆ.

ಈ ವಿಚಾರ ತಲೆಗೆ ಹೊಕ್ಕಿದ್ದು ಸಾವಜಿ ಮನೆಗಳ ಹುಡುಗಿಯರಿಂದ. ಸಾವಜಿ ಎಂದರೆ ನಮ್ಮ ಕಡೆಯವರಿಗೆ ಹೊಸದಾಗಿ ಹೇಳುವುದೇನಿಲ್ಲ. ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರು, ಎಸ್‌ಎಸ್‌ಕೆ ಸಮಾಜದವರು, ಪಟ್ಟೇಗಾರರು ಎಂದು ಹಲವು ಹೆಸರು. ಪಟ್ಟೆ ಎಂದರೆ ರೇಷ್ಮೆ. ರೇಷ್ಮೆ ನೇಯುವುದು ಅವರ ಹಿರಿಯರ ಕಸುಬು. ಹುಬ್ಬಳ್ಳಿ, ಗದಗ-ಬೆಟಗೇರಿ ಮುಂತಾದ ಕಡೆ ದೊಡ್ಡ ಸಮಾಜ. ನರ್ಮದೆಯ ದಂಡೆಯ ಮಾಹಿಷ್ಮತಿಯಲ್ಲಿ ಆಳಿದ ಕಾರ್ತವೀರ್ಯಾರ್ಜುನನ ವಂಶ ತಮ್ಮದು, ಅಲ್ಲಿಂದ ಮಾಂಡೂ, ಮಹಾರಾಷ್ಟ್ರಗಳನ್ನು ಹಾಯ್ದು ಈ ಕಡೆ ಬಂದೆವು ಎಂದು ಅವರ ಹಿರಿಯರು ಹೇಳುತ್ತಾರೆ. ದಾಜಿಬಾನಪೇಟೆಯ ತುಳಜಾಭವಾನಿ ಗುಡಿಗೆ ನವರಾತ್ರಿಯಲ್ಲಿ ಹೋದವರಿಗೆ ಆ ಸಮಾಜದ ಹೆಣ್ಣುಮಕ್ಕಳ ಸಂಭ್ರಮ ಗೊತ್ತು. ಮಗ್ಗಗಳು ಒಂದೊಂದಾಗಿ ನಿಂತ ಮೇಲೆ ಅನೇಕ ಮನೆತನದವರು ವ್ಯಾಪಾರಕ್ಕೆ, ನೌಕರಿಗೆ, ಖಾನಾವಳಿಗೆ ಹೊರಳಿದರು. ಸಾವಜಿ ಖಾನಾವಳಿಯ ಬೋರ್ಡು ಕಾಣದ ಪೇಟೆ ನಮ್ಮಲ್ಲಿ ಕಡಿಮೆ. (ನಾನು ಮಾಂಸ ತಿನ್ನುವವಳಲ್ಲ. ಆದರೂ ಅವರ ಮಸಾಲೆ ಹುರಿಯುವ ವಾಸನೆ ಬಂದರೆ ಕಾಲು ನಿಧಾನವಾಗುತ್ತದೆ ಎಂಬುದನ್ನು ನಮ್ಮ ಮನೆಯವರ ಮುಂದೆ ಹೇಳುವುದಿಲ್ಲ.)

ಇವರು ಮನೆಯಲ್ಲಿ ಆಡುವ ಮಾತು ಬೇರೆ. ಕೇಳಿದರೆ ಗುಜರಾತಿಯ ನೆರಳು, ಮರಾಠಿಯ ನೆರಳು, ನಡುವೆ ಧಾರಾಳವಾಗಿ ನಮ್ಮ ಕನ್ನಡದ ಶಬ್ದಗಳು. ಅದಕ್ಕೆ ಸ್ವಂತ ಲಿಪಿಯಿಲ್ಲ. ಶಾಲೆಯಿಲ್ಲ. ಅದರ ಪರವಾಗಿ ಮೆರವಣಿಗೆ ತೆಗೆಯುವವರಿಲ್ಲ. ಒಂದೊಂದು ಮನೆಯವರು ಅದಕ್ಕೆ ಒಂದೊಂದು ಹೆಸರು ಹೇಳುತ್ತಾರೆ, ಬಹಳ ಮಂದಿ "ನಮ್ಮ ಮಾತು" ಎಂದಷ್ಟೇ ಅನ್ನುತ್ತಾರೆ.

ನಾನು ಕೆಲಸ ಮಾಡಿದ ಶಾಲೆಯೊಂದರಲ್ಲಿ ದಾಖಲಾತಿ ರಜಿಸ್ಟರಿನ 'ಮಾತೃಭಾಷೆ' ಎಂಬ ಅಂಕಣದಲ್ಲಿ ಇಂಥ ಹುಡುಗಿಯರಿಗೆ 'ಮರಾಠಿ' ಎಂದು ಬರೆದಿರುತ್ತಿತ್ತು, ಕೆಲವರಿಗೆ 'ಕನ್ನಡ' ಎಂದು, ಒಬ್ಬಿಬ್ಬರಿಗೆ 'ಹಿಂದಿ' ಎಂದು. ಗುಮಾಸ್ತರದೇನೂ ತಪ್ಪಿಲ್ಲ. ಅವರಿಗೆ ಗೊತ್ತಿದ್ದ ಹೆಸರುಗಳಲ್ಲಿ ಒಂದನ್ನು ಬರೆಯಲೇಬೇಕಿತ್ತು. ತಾಯಿಯ ಮಾತಿಗೆ ಸರಕಾರದ ಕಾಗದದಲ್ಲಿ ಒಂದು ಹೆಸರೂ ಸಿಗಲಿಲ್ಲವಲ್ಲ ಎಂದು ನನಗೆ ಅನಿಸುತ್ತಿತ್ತು. ಆ ಹುಡುಗಿಯರಿಗೆ ಹಾಗೇನೂ ಅನಿಸಿದಂತಿರಲಿಲ್ಲ. ಅವರು ನಿಬಂಧ ಬರೆದರೆ ಕನ್ನಡದಲ್ಲಿ ನನ್ನ ತರಗತಿಗೇ ಮೊದಲಿಗರು.

ಒಮ್ಮೆ ಸ್ಟಾಫ್ ರೂಮಿನಲ್ಲಿ ಈ ವಿಷಯಕ್ಕೆ ಮಾತು ಬಂತು. ಹಿರಿಯ ಶಿಕ್ಷಕರೊಬ್ಬರು, ಕನ್ನಡಕ್ಕಾಗಿ ಜೀವ ತೇಯ್ದವರು, ಪಾಲಕರ ಸಭೆ ಕರೆದು "ಮನೆಯಲ್ಲಿಯೂ ಮಕ್ಕಳ ಜೊತೆ ಕನ್ನಡವನ್ನೇ ಮಾತಾಡಿರಿ" ಎಂದು ತಿಳಿಸಿ ಹೇಳಬೇಕು ಎಂದರು. "ಈ ನೆಲದ ಅನ್ನ ಉಂಡ ಮೇಲೆ ಅಷ್ಟು ಬ್ಯಾಡೇನ್ರಿ ಟೀಚರ್?" ನಾನು ಆಗುವುದಿಲ್ಲ ಎಂದೆ. ಶಾಲೆಯಲ್ಲಿ, ಪೇಟೆಯಲ್ಲಿ, ಕಚೇರಿಯಲ್ಲಿ ಕನ್ನಡ ಕಲಿ ಎಂದು ಕೇಳುವ ಹಕ್ಕು ಊರಿಗೆ ಇದೆ. ಒಲೆಯ ಮುಂದೆ ಅಜ್ಜಿ ಮೊಮ್ಮಗಳು ಏನು ಮಾತಾಡಬೇಕು ಎಂದು ಹೇಳುವ ಹಕ್ಕು ಇಲ್ಲ ಎಂಬುದು ನನ್ನ ವಾದ.

ಆದರೂ ಅವರ ಮಾತನ್ನು ಹಗುರಾಗಿ ತೆಗೆದುಹಾಕುವಂತಿಲ್ಲ. ಅದರ ಹಿಂದೆ ನೋವಿದೆ. ಧಾರವಾಡ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಕಾಲದಲ್ಲಿ ಕಚೇರಿ, ಶಾಲೆಗಳಲ್ಲೆಲ್ಲ ಮರಾಠಿಯದೇ ಯಜಮಾನಿಕೆ. ಡೆಪ್ಯುಟಿ ಚನ್ನಬಸಪ್ಪನವರಂಥವರು ಕನ್ನಡ ಶಾಲೆಗಳಿಗಾಗಿ ಹೆಣಗಬೇಕಾಯಿತು. ರಾ. ಹ. ದೇಶಪಾಂಡೆಯವರು 1890ರಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಕಟ್ಟಿದ್ದು ಕನ್ನಡಿಗರೇ ಕನ್ನಡ ಮಾತಾಡಲು ಸಂಕೋಚಪಡುತ್ತಿದ್ದ ದಿನಗಳಲ್ಲಿ. ಏಕೀಕರಣಕ್ಕೆ 1956ರವರೆಗೆ ಕಾಯಬೇಕಾಯಿತು. 1982ರಲ್ಲಿ ಗೋಕಾಕ ಚಳವಳಿ ನಡೆದಾಗ ನಾನು ಶಾಲೆಯ ಹುಡುಗಿ, ದೊಡ್ಡವರ ಕೈಯಲ್ಲಿದ್ದ ಫಲಕಗಳನ್ನು ಓದುತ್ತ ನಿಂತದ್ದು ನೆನಪಿದೆ. ಸ್ವಂತ ಮನೆಯಲ್ಲಿ ಪರಕೀಯರಾಗಿ ಇದ್ದವರು ಮನೆ ಕೈಗೆ ಬಂದ ಮೇಲೆ ಕೀಲಿಕೈಯನ್ನು ಗಟ್ಟಿಯಾಗಿ ಹಿಡಿಯುವುದು ಸಹಜ.

ಅದೇ ಧಾರವಾಡದ ಇನ್ನೊಂದು ಸಂಗತಿಯನ್ನು ನಾನು ಅವರಿಗೆ ನೆನಪು ಮಾಡಿದೆ. ಬೇಂದ್ರೆಯವರ ಮನೆಮಾತು ಮರಾಠಿ. ಮನೆಯಲ್ಲಿ ಮರಾಠಿ ಆಡಿದರೆಂದು ಅವರ ಕನ್ನಡಕ್ಕೇನು ಕಡಿಮೆಯಾಯಿತು? ಸಾಧನಕೇರಿಯ ಆ ಮನೆಯಲ್ಲಿ ಕುಳಿತವರೇ 'ನಾಕುತಂತಿ' ಬರೆದು 1973ರ ಜ್ಞಾನಪೀಠ ತಂದದ್ದು. ಧಾರವಾಡಕ್ಕೆ ಪೇಢೆ ತಂದುಕೊಟ್ಟವರು ಉತ್ತರ ಪ್ರದೇಶದ ಉನ್ನಾವ ಕಡೆಯಿಂದ ಬಂದ ಠಾಕೂರ ಮನೆತನದವರು. ಗಂಗೂಬಾಯಿ ಹಾನಗಲ್ಲರು ಲೋಕಕ್ಕೆಲ್ಲ ಹಾಡಿ ತೋರಿಸಿದ್ದು ಕಿರಾಣಾ ಎಂಬ ಬಡಗಣ ಊರಿನ ಹೆಸರು ಹೊತ್ತ ಗಾಯಕಿ. ಇವೆಲ್ಲ ನಮ್ಮವು ಎಂದು ಎದೆಯುಬ್ಬಿಸುತ್ತೇವೆ. ಹಿರಿಯರು ನಕ್ಕು, "ಎಲ್ಲಾರೂ ಬೇಂದ್ರೆ ಆಗೂದಿಲ್ಲರಿ" ಎಂದರು. ಅದೂ ಖರೆಯೇ. ಆದರೆ ಪದಕ ತಂದವರನ್ನು ಮಾತ್ರ ಒಳಗೆ ಕರೆದು, ಉಳಿದವರ ಮೂಲ ಕೇಳುವುದು ನ್ಯಾಯವೇ?

ಒಂದು ಮಾತು ಗಂಡಸರಿಗೆ ಅಷ್ಟು ತಿಳಿಯಲಿಕ್ಕಿಲ್ಲ, ನಮಗೆ ತಿಳಿಯುತ್ತದೆ. ನಾವು ಹೆಣ್ಣುಮಕ್ಕಳು ಹೆಚ್ಚುಕಡಿಮೆ ಎಲ್ಲರೂ ಒಮ್ಮೆ ಊರು ಬಿಟ್ಟು ಬಂದವರೇ. ನನ್ನ ತವರು ಶಿರಸಿಯ ಕಡೆ. ತಂಬುಳಿ ಅನ್ನ ಉಂಡು ಬೆಳೆದವಳು ಮದುವೆಯಾಗಿ ಬಂದು ಜೋಳದ ರೊಟ್ಟಿ ಬಡಿಯಲು ಕಲಿತೆ. ಮೊದಮೊದಲು ನನ್ನ ರೊಟ್ಟಿ ಅಂಚು ಸೀಳಿ ಯಾವುದೋ ದೇಶದ ನಕಾಶೆಯಂತೆ ಇರುತ್ತಿದ್ದವು. ನನ್ನ ಮಾತು ಕೇಳಿ ನಾದಿನಿಯರು ಸೆರಗು ಬಾಯಿಗೆ ಹಚ್ಚಿ ನಗುತ್ತಿದ್ದರು. ಅತ್ತೆಯವರು ಮಾತ್ರ ಒಂದು ದಿನ, "ನಿಮ್ಮ ಕಡೆದು ಅದೇನೋ ಹಸರ ಸಾರು ಮಾಡತೀಯಲ್ಲ, ಅದನ್ನ ಮಾಡವಾ ಇವತ್ತ, ಬಿಸಲ ಭಾಳ ಐತಿ" ಎಂದರು. ಒಂದೆಲಗದ ತಂಬುಳಿಗೆ ಅವರು ಇಟ್ಟ ಹೆಸರು ಅದು. ಅಂದು ನನಗೆ ಈ ಮನೆ ನನ್ನದೆನಿಸಿತು. ರೊಟ್ಟಿ ಕಲಿತದ್ದಕ್ಕೆ ಹಾಗೆನಿಸಿರಲಿಲ್ಲ.

ವಲಸೆ ಬಂದ ಸಮಾಜಗಳಲ್ಲಿ ಗಂಡಸರು ಪೇಟೆಯ ಮಾತನ್ನು ಬೇಗ ಕಲಿಯುತ್ತಾರೆ, ಹೊಟ್ಟೆಪಾಡು ಕಲಿಸುತ್ತದೆ. ಹಳೆಯ ಮಾತು, ಹಳೆಯ ಅಡಿಗೆ, ಹಳೆಯ ಹಬ್ಬ ಎಲ್ಲವನ್ನೂ ಕಾಯುವ ಕೆಲಸ ಹೆಂಗಸರ ಪಾಲಿಗೆ. ಮಗ್ಗದ ಮುಂದೆ ಕುಳಿತವನ ಹೆಸರು ಸೀರೆಗೆ ಬರುತ್ತದೆ, ಮೂಲೆಯಲ್ಲಿ ಕಂಡಿಕೆ ಸುತ್ತಿದವಳದು ಬರುವುದಿಲ್ಲ. ಮೇಲಾಗಿ ಸಮಾಜದ ಮಾನವೆಲ್ಲ ಹೆಣ್ಣುಮಕ್ಕಳ ನಡೆಯಲ್ಲಿದೆ ಎಂಬ ಭಾರ ಬೇರೆ. ಹುಡುಗ ಕಾಲೇಜಿಗೆ ಹೊರಗೆ ಹೋದರೆ ಮುಂದುವರಿದ, ಹುಡುಗಿ ಹೋದರೆ ಕೈಬಿಟ್ಟಳು. ಇದು ಯಾವುದೋ ಒಂದು ಸಮಾಜದ ಮಾತಲ್ಲ, ನಮ್ಮೆಲ್ಲರ ಮನೆಯದೂ ಹೌದು.

ಖಲೀಲ್ ಗಿಬ್ರಾನನ ಹೆಸರು ನಮ್ಮ ಓದುಗರಿಗೆ ಹೊಸದಲ್ಲ. ಅವನ ತಾಯಿ ಕಮೀಲಾಳ ಹೆಸರು ಎಷ್ಟು ಮಂದಿಗೆ ಗೊತ್ತು? ಲೆಬನಾನಿನ ಬೆಟ್ಟದ ಊರಾದ ಬಿಷರ್ರಿಯಿಂದ ಗಂಡನನ್ನು ಬಿಟ್ಟು, ನಾಲ್ಕು ಮಕ್ಕಳನ್ನು ಕಟ್ಟಿಕೊಂಡು 1895ರಲ್ಲಿ ಅಮೇರಿಕೆಯ ಬಾಸ್ಟನ್ನಿಗೆ ಬಂದಳು. ಬೆನ್ನಿಗೆ ಗಂಟು ಹೊತ್ತು ಮನೆಮನೆಗೆ ಕಸೂತಿ ಅಂಚು, ನಾರುಬಟ್ಟೆ ಮಾರಿದಳು. ಆ ಕಾಲದ ಸಿರಿಯಾ-ಲೆಬನಾನಿನ ವಲಸೆಗಾರರಲ್ಲಿ ಹೀಗೆ ತಿರುಗಿ ಮಾರಿದ ಹೆಂಗಸರು ಬಹಳ. ನ್ಯೂಯಾರ್ಕಿನ ವಾಷಿಂಗ್ಟನ್ ಬೀದಿಯಲ್ಲಿ ಅವರದೇ ಒಂದು ಓಣಿ ಬೆಳೆದಿತ್ತು, ಅರಬ್ಬಿ ಪತ್ರಿಕೆಗಳು, ತಿಂಡಿ ಅಂಗಡಿಗಳು, ಚರ್ಚುಗಳು. ಅವರನ್ನೂ ರಜಿಸ್ಟರು ಕಾಡಿತು. ತುರ್ಕಿಯ ಸುಲ್ತಾನನ ಕಾಗದ ಹಿಡಿದು ಬಂದವರೆಂದು ಮೊದಲು 'ತುರ್ಕರು' ಎಂದು ಬರೆದುಕೊಂಡರು. ಪೌರತ್ವ ಕೊಡಬೇಕಾದರೆ ಇವರು ಬಿಳಿಯರೋ ಅಲ್ಲವೋ ಎಂದು ಕೋರ್ಟುಗಳಲ್ಲಿ ವಾದ ನಡೆದು, 1915ರಲ್ಲಿ ಬಿಳಿಯರೇ ಎಂದು ತೀರ್ಪಾಯಿತು. ಮನುಷ್ಯರನ್ನು ಹಾಗೆ ಅಂಕಣಕ್ಕೆ ಸೇರಿಸುವುದನ್ನು ಓದಿದಾಗ ನನಗೆ ನಗುವೂ ಬಂತು, ಸಂಕಟವೂ ಆಯಿತು. ಮುಂದೆ 1940ರ ದಶಕದಲ್ಲಿ ಸುರಂಗಮಾರ್ಗದ ಕೆಲಸಕ್ಕಾಗಿ ಆ ಓಣಿಯ ಬಹುಭಾಗ ನೆಲಸಮವಾಯಿತು. ಕಮೀಲಾ 1903ರಲ್ಲೇ ತೀರಿಕೊಂಡಿದ್ದಳು. ಮಗ ಅರಬ್ಬಿಯಲ್ಲಿ ಬರೆದ, ಆಮೇಲೆ ಇಂಗ್ಲಿಷಿನಲ್ಲಿ ಬರೆದು ಜಗತ್ತಿಗೆಲ್ಲ ಬೇಕಾದವನಾದ. ತಾಯಿ ಸತ್ತ ಮೇಲೆ ಅವನ ಹೊಟ್ಟೆ ನೋಡಿಕೊಂಡದ್ದು ಹೊಲಿಗೆ ಕೆಲಸ ಮಾಡುತ್ತಿದ್ದ ತಂಗಿ ಮರಿಯಾನಾ.

ಈಗ ನಿಜವಾಗಿ ಹೇಳಬೇಕೆಂದುಕೊಂಡದ್ದಕ್ಕೆ ಬರುತ್ತೇನೆ. ಕೆಲ ವರ್ಷಗಳ ಹಿಂದೆ ನನ್ನ ಹಳೆಯ ವಿದ್ಯಾರ್ಥಿನಿಯೊಬ್ಬಳು ಮನೆಗೆ ಬಂದಿದ್ದಳು. ಸಾವಜಿ ಮನೆಯ ಮಗಳು, ಪುಣೆಯಲ್ಲಿ ನೌಕರಿ, ಗಂಡನೂ ಅದೇ ಸಮಾಜದವನೇ. ಮಗನಿಗೆ ನಾಲ್ಕು ವರ್ಷ. ಚಹಾ ಕುಡಿಯುತ್ತ ಇದ್ದಕ್ಕಿದ್ದಂತೆ ಕೇಳಿದಳು:

"ಅಕ್ಕಾವ್ರ, ನನ್ನ ಮಗಗ ನಮ್ಮ ಮಾತು ಕಲಸಲಿಲ್ಲಂದ್ರ ಪಾಪ ಬರತೈತೇನ್ರಿ?"

ಅವನಿಗೆ ಶಾಲೆಯ ಇಂಗ್ಲಿಷು, ಕೆಳಗೆ ಆಟವಾಡುವಾಗ ಹಿಂದಿ, ಪುಣೆಯೆಂದ ಮೇಲೆ ಮರಾಠಿ ಬೇಕು. ಊರಿನ ನಂಟಿಗೆ ಕನ್ನಡವಾದರೂ ಇರಲಿ ಎಂದು ಅವಳ ಆಸೆ. ಇಷ್ಟರ ನಡುವೆ ಲಿಪಿಯಿಲ್ಲದ, ಅನ್ನ ಕೊಡದ ಐದನೆಯ ಮಾತು ಯಾಕೆ ಎಂದು ಗಂಡ ಕೇಳುತ್ತಾನಂತೆ. ಅವನು ಕೇಳುವುದರಲ್ಲಿಯೂ ಅರ್ಥವಿದೆ.

ಭಾಷೆಯ ಋಣ, ಪೂರ್ವಜರ ಋಣ ಎಂಬ ದೊಡ್ಡ ಮಾತುಗಳು ನನ್ನ ಬಾಯಿಗೆ ಬಂದವು. ಆದರೆ ಆಡಲಿಲ್ಲ, ಯಾಕೆಂದರೆ ನಾನು ಅವನ್ನು ನಂಬುವುದಿಲ್ಲ. ಸತ್ತವರಿಗೆ ನಾವು ಮಾತಿನ ಸಾಲ ತೀರಿಸಬೇಕೆಂದರೆ ಯಾವ ತಲೆಮಾರಿನ ಸಾಲ? ನರ್ಮದೆಯ ದಂಡೆಯಲ್ಲಿದ್ದವರು ಇಂದಿನ ಈ ಮಾತನ್ನೇ ಆಡುತ್ತಿರಲಿಲ್ಲ. ದಾರಿಯಲ್ಲಿ ಅದು ಮರಾಠಿ ತಿಂದಿತು, ಇಲ್ಲಿಗೆ ಬಂದು ಕನ್ನಡ ತಿಂದಿತು. ಋಣವೇನಾದರೂ ಇದ್ದರೆ ಅದು ಇದ್ದವರದು. ಆದ್ದರಿಂದ, "ಮನಿಯೊಳಗ ಆ ಮಾತು ಬಿಟ್ಟು ಬ್ಯಾರೆ ಸರಿಯಾಗಿ ಬರಲಾರದವರು ಯಾರದಾರ?" ಎಂದು ಕೇಳಿದೆ.

"ನಮ್ಮ ಅಜ್ಜಿ ಅದಾಳ‍್ರಿ. ಕನ್ನಡ ಬರತೈತಿ, ಕಾಯಿಪಲ್ಲೆ ತಗೊಳ್ಳುವಷ್ಟು. ಸಿಟ್ಟು ಬಂದರ, ಅಳು ಬಂದರ ನಮ್ಮ ಮಾತ ಬೇಕು."

"ಹಂಗಾದರ ಅಕೀ ಇರೂಮಟಾನರ ಕಲಸು" ಎಂದೆ.

ಆ ಮೇಲೆ ನನಗೇ ಈ ಉತ್ತರ ಪೂರ್ತಿ ಒಪ್ಪಿಗೆಯಾಗಲಿಲ್ಲ. ಪ್ರತಿ ಮನೆಯವರೂ ಅಜ್ಜಿ ಇರುವವರೆಗೆ ಎಂದು ಲೆಕ್ಕ ಹಾಕಿದರೆ ಒಂದು ದಿನ ಕೊನೆಯ ಅಜ್ಜಿ ಹೋಗುತ್ತಾಳೆ, ಮಾತೂ ಹೋಗುತ್ತದೆ. ಆಗ ಅನ್ಯಾಯ ಮಾಡಿದವರು ಯಾರು ಎಂದು ಬೊಟ್ಟು ಮಾಡಲು ಒಬ್ಬರೂ ಸಿಗುವುದಿಲ್ಲ. ಯಾರೂ ತಪ್ಪು ಮಾಡದೆಯೇ ನಷ್ಟವಾಗುವ ಸಂಗತಿಗಳು ಲೋಕದಲ್ಲಿ ಇವೆ. ಅದಕ್ಕೆ ನೀತಿಶಾಸ್ತ್ರದಲ್ಲಿ ಏನು ಉತ್ತರವಿದೆಯೋ, ನನಗಂತೂ ಹೊಳೆದಿಲ್ಲ. ಮುಂಡಗೋಡದ ಟಿಬೆಟಿನವರನ್ನು ನೋಡಿರಿ. 1966ರಿಂದ ಅಲ್ಲಿ ನೆಲೆಸಿದ್ದಾರೆ, ಚಳಿಗಾಲದಲ್ಲಿ ಸ್ವೆಟರ್ ಮಾರಲು ಬರುವ ಅವರ ಹೆಂಗಸರ ಹತ್ತಿರ ನಾವೆಲ್ಲ ಚೌಕಾಸಿ ಮಾಡಿದವರೇ. ಅವರು ಬೇರೆಯಾಗಿ, ತಮ್ಮದೇ ಶಾಲೆ, ತಮ್ಮದೇ ಮಠ ಕಟ್ಟಿಕೊಂಡು ಇದ್ದುದರಿಂದ ಮಾತು ಉಳಿದಿದೆ. ಎಂದಾದರೂ ಮರಳಿ ಹೋಗುವ ಆಸೆಯೂ ಅದನ್ನು ಕಾಯುತ್ತದೆ. ಸಾವಜಿಯವರಿಗೆ ಮರಳಲು ಊರಿಲ್ಲ, ಇದೇ ಅವರ ಊರು. ನಮ್ಮೊಳಗೆ ಇಷ್ಟು ಬೆರೆತದ್ದಕ್ಕೇ ಅವರು ಬೆಲೆ ತೆರುತ್ತಿದ್ದಾರೆ.

ಇನ್ನೊಂದನ್ನು ಹೇಳದಿದ್ದರೆ ನನಗೆ ಸಮಾಧಾನವಿಲ್ಲ. ಅಮೇರಿಕೆಯಲ್ಲಿ ಊರೂರಿಗೆ ಕನ್ನಡ ಕೂಟಗಳಿವೆ, 1998ರಲ್ಲಿ ಅವೆಲ್ಲ ಸೇರಿ 'ಅಕ್ಕ' ಆಯಿತು. ಅಲ್ಲಿ ಹುಟ್ಟಿದ ಮಗುವೊಂದು ತಪ್ಪುತಪ್ಪಾಗಿ ಕನ್ನಡ ಪದ್ಯ ಹೇಳಿದರೆ ನಾವು ಇಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತೇವೆ. "ಪರದೇಶದಾಗ ಇದ್ದರೂ ಮನಿಯೊಳಗ ಕನ್ನಡ ಬಿಟ್ಟಿಲ್ಲ ನೋಡ್ರಿ" ಎಂದು ಹೊಗಳುತ್ತೇವೆ. ಅಲ್ಲಿಯ ಶಿಕ್ಷಕಿಯೊಬ್ಬಳು ಆ ತಾಯಿಗೆ, "ಈ ನೆಲದ ಅನ್ನ ಉಣ್ಣುತ್ತೀರಿ, ಮನೆಯಲ್ಲಿಯೂ ಇಂಗ್ಲಿಷನ್ನೇ ಆಡಿ" ಎಂದರೆ ನಾವು ಸುಮ್ಮನಿರುತ್ತೇವೆಯೇ? ಸ್ಟಾಫ್ ರೂಮಿನಲ್ಲಿ ಇದನ್ನೂ ಕೇಳಿದ್ದೆ. ಹಿರಿಯರು ಬಹಳ ಹೊತ್ತು ಮಾತಾಡಲಿಲ್ಲ. ಪಾಲಕರ ಸಭೆ ನಡೆಯಿತು, ಶೌಚಾಲಯದ ನೀರು, ಪರೀಕ್ಷೆಯ ಫೀ ಎಂದೇ ಮುಗಿಯಿತು.

ಆ ಹುಡುಗಿ ಹೋದ ದೀಪಾವಳಿಗೆ ಮತ್ತೆ ಬಂದಿದ್ದಳು, ಮಗನನ್ನು ಕರೆದುಕೊಂಡು. ಅವನು ನನ್ನ ಹತ್ತಿರ ಚೂರುಪಾರು ಕನ್ನಡ ಆಡಿದ, ನಡುನಡುವೆ ಹಿಂದಿ. ಮುತ್ತಜ್ಜಿಯ ಹತ್ತಿರ ಏನು ಮಾತಾಡುತ್ತೀ ಎಂದು ಕೇಳಿದೆ. ಅವನು ಅವರ ಮಾತಿನಲ್ಲಿ ಏನೋ ಹೇಳಿದ. ತಾಯಿಗೆ ನಗು ತಡೆಯಲಾಗಲಿಲ್ಲ.

"ಏನಂದನವಾ?"

"ಬೈಗಳ‍್ರಿ ಅಕ್ಕಾವ್ರ. ಅಜ್ಜಿ ಕಲಸ್ಯಾಳ."